ಮೋಡಕ್ಕೆ ಉಪ್ಪು, ಮೋಡಕ್ಕೆ ಹೊಗೆ

2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಕಂಡ ಅತ್ಯಂತ ಒಣ ಆಗಸ್ಟ್. ಹಾವೇರಿ ಸೀಮೆಯ ಗೋವಿನಜೋಳಕ್ಕೆ ನೀರು ಬೇಕಾದ ಹೊತ್ತಿನಲ್ಲೇ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಣೆಬೆನ್ನೂರಿನ ಶಾಸಕ ಪ್ರಕಾಶ ಕೋಳಿವಾಡ ಅವರ ಮುಂದಾಳತ್ವದಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮೋಡ ಬಿತ್ತನೆಯ ವಿಮಾನ ಹಾರಿತು. ಸರ್ಕಾರವೇ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂದು ಹೆಸರಿಟ್ಟು ಮಾಡಿದ್ದ ಕೆಲಸವದು. ಬಿದ್ದ ಮಳೆ ವಿಮಾನದ್ದೋ ದೇವರದ್ದೋ ಎಂಬ ಕಟ್ಟೆಯ ವಾದ ಇವತ್ತಿಗೂ ಮುಗಿಯುವಂಥದ್ದಲ್ಲ. ಆದರೆ ಕಣ್ಣಿಗೆ ಕಾಣದ ಕಣಗಳು ಮಳೆಯನ್ನು ಹೆಚ್ಚುಕಡಿಮೆ ಮಾಡಬಲ್ಲವು ಎಂದು ನಂಬಿಯೇ ಆ ವಿಮಾನವನ್ನು ಹಾರಿಸಿದ್ದು. ಅದನ್ನು ನಂಬಿದವರು ವಿಮಾನದ ಕಣಗಳ ಲೆಕ್ಕ ಮಾತ್ರ ಇಟ್ಟು, ಲಾರಿ, ಬಾಯ್ಲರ್, ಕಟ್ಟಿಗೆ ಒಲೆ, ಸುಡುವ ಕಸ ವರ್ಷವಿಡೀ ಬಿತ್ತುವ ಕಣಗಳ ಲೆಕ್ಕ ಬಿಡುವುದು ಹೇಗೆ?

ಮೋಡ ಬಿತ್ತನೆಯ ವಿದ್ಯೆ 1946ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಹುಟ್ಟಿತು. ವಿನ್ಸೆಂಟ್ ಶೇಫರ್ ಒಣಮಂಜುಗಡ್ಡೆಯಿಂದ, ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್‌ನಿಂದ ಮೋಡದಲ್ಲಿ ಹಿಮಹರಳು ಕಟ್ಟಿಸಿ ತೋರಿಸಿದರು. ನಮ್ಮ ಕಡೆಯ ಬೆಚ್ಚನೆಯ ಮೋಡಗಳಿಗೆ ಹಾಕುವುದು ಬೇರೆ, ನೀರು ಹೀರುವ ದಪ್ಪ ಉಪ್ಪಿನ ಕಣ. ಅದರ ಸುತ್ತ ದೊಡ್ಡ ಹನಿ ಕೂಡುತ್ತದೆ, ದೊಡ್ಡದು ಸಣ್ಣವನ್ನು ನುಂಗುತ್ತ ಕೆಳಗಿಳಿಯುತ್ತದೆ. ಒಂದು ಮಳೆಹನಿಯಾಗಲು ಮೋಡದ ಸುಮಾರು ಹತ್ತು ಲಕ್ಷ ಹನಿಗಳು ಒಂದಾಗಬೇಕು. ಹೊಗೆಯ ಕಣಗಳ ಕೆಲಸ ಇದಕ್ಕೆ ಉಲ್ಟಾ. ಅವು ಬಹಳ ಸಣ್ಣವು, ಎಣಿಕೆಯಲ್ಲಿ ಬಹಳ ಹೆಚ್ಚು. ಕಡಲ ಮೇಲಿನ ಶುದ್ಧ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಮೋಡದ ಹನಿಗೆ ಬೀಜವಾಗಬಲ್ಲ ಕಣಗಳು ನೂರರ ಆಸುಪಾಸು ಇದ್ದರೆ, ಹೊಗೆ ಕವಿದ ನೆಲದ ಮೇಲೆ ಸಾವಿರ ದಾಟುತ್ತವೆ. ಇದ್ದಷ್ಟೇ ಸಾರು, ಪಂಕ್ತಿಯಲ್ಲಿ ಹತ್ತುಪಟ್ಟು ಜನ. ಪ್ರತಿ ಕಣಕ್ಕೂ ಸಿಕ್ಕುವ ನೀರು ಕಡಿಮೆ, ಹನಿಗಳೆಲ್ಲ ಒಂದೇ ಅಳತೆಯ ಚಿಕ್ಕವು, ಒಂದನ್ನೊಂದು ಕೂಡವು. ಮೋಡ ಬೆಳ್ಳಗೆ ಹೊಳೆಯುತ್ತ ಬ್ಯಾಡಗಿಯ ಮೆಣಸಿನ ಹೊಲ ದಾಟಿಹೋಗುತ್ತದೆ.

ಇದು ಒಂದು ಮೋಡದ ಕಥೆ. ಇಡೀ ಮುಂಗಾರಿನ ಕಥೆ ತಿಳಿಯುತ್ತ ಬಂದದ್ದು 1999ರ ‘ಇಂಡೋಎಕ್ಸ್’ ಪ್ರಯೋಗದಿಂದ. ವಿಜ್ಞಾನಿ ವಿ. ರಾಮನಾಥನ್ ಮತ್ತು ಸಂಗಡಿಗರು ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಕಂದು ಮಬ್ಬನ್ನು ಅಳೆದರು. ಅದು ಬಿಸಿಲನ್ನು ತಡೆದಾಗ ನೆಲ ಕಾಯುವುದು ಕಡಿಮೆಯಾಗುತ್ತದೆ, ಕಡಲು ಆವಿಯಾಗುವುದೂ ಕಡಿಮೆಯಾಗುತ್ತದೆ, ಎರಡರ ನಡುವಿನ ಸೆಳೆತ ಸಡಿಲುತ್ತದೆ. ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1951ರಿಂದ 2015ರವರೆಗೆ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಅದೂ ಎದ್ದು ಕಾಣುವಂತೆ ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮಘಟ್ಟದಲ್ಲಿ. ಬಿಸಿಯಾಗುತ್ತಿರುವ ಲೋಕದಲ್ಲಿ ಮಳೆ ಏರಬೇಕಿತ್ತು. ಇಪ್ಪತ್ತನೇ ಶತಮಾನದ ಉತ್ತರಾರ್ಧದ ಈ ಇಳಿಕೆಗೆ ಮುಖ್ಯ ಕಾರಣ ಮನುಷ್ಯ ಎಬ್ಬಿಸಿದ ಕಣಗಳು ಎಂದು 2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯೂ ಹೇಳಿತು.

2023ರ ಬರಕ್ಕೆ ಹೊಗೆಯೇ ಕಾರಣ ಎಂದರೆ ಅದು ಸುಳ್ಳಾಗುತ್ತದೆ. ಆ ವರ್ಷ ಎಲ್ ನಿನೊ ಇತ್ತು. ಹಾನಗಲ್ಲಿನಿಂದ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಮಳೆ ತೆಳುವಾಗುವುದಕ್ಕೂ ಘಟ್ಟದ ಮರೆಯೇ ಮೂಲ ಕಾರಣ. ಮುಂಗಾರಿನ ಗಾಳಿ ಕಡಲಿಂದ ಬರುತ್ತದೆ, ನಮ್ಮಲ್ಲಿ ಅಂಥ ಹೊಗೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಾಗದು. ಹಾವೇರಿಯನ್ನು ಹಾಯುವ ಹೆದ್ದಾರಿಯಲ್ಲಿ ಒಂದು ಕಡೆಯ ಹುಬ್ಬಳ್ಳಿ-ಧಾರವಾಡ, ಇನ್ನೊಂದು ಕಡೆಯ ದಾವಣಗೆರೆ ಎರಡೂ ಗಾಳಿ ಕೆಟ್ಟ ನಗರಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಮೇಲಾಗಿ ದೇಶದ ಮಬ್ಬು ಇಡೀ ಮುಂಗಾರನ್ನೇ ಸಡಿಲಿಸುವಾಗ ಹೊಗೆ ಬ್ಯಾಡಗಿಯದೇ ಆಗಿರಬೇಕೆಂದಿಲ್ಲ. ಇದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದಿದೆ. ಕಣಗಳು ಮಳೆಯನ್ನು ತಡಮಾಡುವುದಾದರೆ, ಘಟ್ಟದ ಆಚೆ ಬೀಳಬೇಕಾದದ್ದು ಈಚೆ ಬಂದು ಬೀಳಲಿ, ಹಾವೇರಿಗೆ ಲಾಭವೇ ಅಲ್ಲವೇ? ಕ್ಯಾಲಿಫೋರ್ನಿಯಾ ಮತ್ತು ಇಸ್ರೇಲಿನ ಗುಡ್ಡಗಳ ದಾಖಲೆ ನೋಡಿದ ವಿಜ್ಞಾನಿಗಳಾದ ಗಿವಾಟಿ, ರೋಸೆನ್‌ಫೆಲ್ಡ್ 2004ರಲ್ಲಿ ಅಂಥದ್ದನ್ನೇ ಕಂಡರು. ಗಾಳಿಗೆ ಮುಖಮಾಡಿದ ಇಳಿಜಾರಿನಲ್ಲಿ ಮಳೆ ಶೇ 15ರಿಂದ 25ರಷ್ಟು ಇಳಿದಿತ್ತು, ಮರೆಯಲ್ಲಿ ತುಸು ಏರಿತ್ತು, ಒಟ್ಟಿನಲ್ಲಿ ನಷ್ಟವೇ. ನಮ್ಮಲ್ಲಂತೂ ಹಾವೇರಿ ಸೀಮೆಗೆ ಹರಿದುಬರುವ ವರದಾ ನದಿ ಹುಟ್ಟುವುದು ಘಟ್ಟದ ಕಡೆಯ ಸಾಗರ ತಾಲೂಕಿನ ವರದಾಮೂಲದಲ್ಲಿ. ರಾಣೆಬೆನ್ನೂರಿನ ಕಡೆ ಬರುವ ತುಂಗಾ ಮೇಲ್ದಂಡೆ ಕಾಲುವೆಯ ನೀರೂ ಘಟ್ಟದ್ದೇ. ಘಟ್ಟದಲ್ಲಿ ಬೀಳದ ಮಳೆ ಈ ಹೊಲಗಳಿಗೆ ಎರಡು ಸಲ ತಪ್ಪಿದಂತೆ.

ಬಿತ್ತನೆಯೇ ಬೇಡವೆಂದು ಇದರರ್ಥವಲ್ಲ. ನಮ್ಮಂತೆಯೇ ಘಟ್ಟದ ಮರೆಯಲ್ಲಿರುವ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಪರೀಕ್ಷಿಸಿದಾಗ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಕಂಡಿತು. ಅಲ್ಲಿನ ವಿಮಾನ ಮೋಡದ ಬುಡದಲ್ಲಿ ಯಾವ ಕಣ ಎಷ್ಟಿದೆ ಎಂದು ಅಳೆಯುವ ಯಂತ್ರಗಳನ್ನೂ ಹೊತ್ತಿತ್ತು. ಇಲ್ಲಿ ಬಿದ್ದ ಮಳೆ ಅಳೆಯಲು ಗ್ರಾಮ ಪಂಚಾಯತಿಗೊಂದು ಮಳೆಮಾಪಕವಿದೆ, ಕಣಗಳ ಮಾತು ಬೇರೆ. ಶುದ್ಧ ಗಾಳಿಯ ಕಾರ್ಯಕ್ರಮ ದೂಳನ್ನು ತೂಗುತ್ತದೆ, ಆದರೆ ಮೋಡಕ್ಕೆ ಮುಖ್ಯವಾದದ್ದು ತೂಕವಲ್ಲ, ಸಣ್ಣ ಕಣಗಳ ಎಣಿಕೆ. ಮುಂದಿನ ಸಲ ಹುಬ್ಬಳ್ಳಿಯಿಂದ ಉಪ್ಪು ಹೊತ್ತು ಏರುವ ವಿಮಾನ ಆ ಎಣಿಕೆಯ ಯಂತ್ರವನ್ನೂ ಹೊತ್ತೊಯ್ಯಬೇಕು, ಅದರ ಖರ್ಚು ಟೆಂಡರಿನಲ್ಲೇ ಇರಬೇಕು.