ಮಾತಿಗೆ ಮೊದಲು ಒಂದು ಚಿತ್ರ

ಗುಣಾತ್ಮಕ ಸಂಶೋಧನೆಯಲ್ಲಿ, ಅಂದರೆ ಅಂಕಿಸಂಖ್ಯೆಗಿಂತ ಜನರ ಅನುಭವವನ್ನೂ ಅದಕ್ಕೆ ಅವರೇ ಕೊಡುವ ಅರ್ಥವನ್ನೂ ಅರಸುವ ಅಧ್ಯಯನದಲ್ಲಿ, ಸಂದರ್ಶನವೇ ಮುಖ್ಯ ಸಾಧನವಾಗಿದ್ದರೂ ಕೇಳಿದ ಪ್ರಶ್ನೆಗೆ ಬಾಯಿಪಾಠದಂಥ ಉತ್ತರ ಬರುವುದು ಅದರ ಹಳೆಯ ತೊಡಕು. ಸಂದರ್ಶನಕ್ಕೆ ಒಪ್ಪಿದವರಿಗೆ ಹಾಳೆ, ಪೆನ್ಸಿಲ್ ಕೊಟ್ಟು, ತಮ್ಮ ಅನುಭವವನ್ನು ಬಿಡಿಸಲು ಕೇಳಿ, ಆ ಚಿತ್ರವನ್ನು ಮುಂದಿಟ್ಟುಕೊಂಡು ಮಾತು ಬೆಳೆಸುವ ವಿಧಾನ ಈ ತೊಡಕನ್ನು ಬಹುಮಟ್ಟಿಗೆ ಸಡಿಲಿಸುತ್ತದೆ. ಆಸ್ಟ್ರೇಲಿಯಾದ ಮರಿಲಿಸ್ ಗಿಲ್ಲೆಮಿನ್ ಅವರು ಹೃದ್ರೋಗ ಮತ್ತು ಮುಟ್ಟು ನಿಲ್ಲುವ ಕಾಲದ ಬಗ್ಗೆ ಮಹಿಳೆಯರಿಂದ ಚಿತ್ರ ಬರೆಸಿ 2004ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನದ ಚರ್ಚೆಯಲ್ಲಿ ಪ್ರಸಿದ್ಧವಾಗಿದೆ.

ಇಂಥದ್ದೊಂದು ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. 1968ರಲ್ಲಿ ಸ್ಥಾಪನೆಯಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1990ರ ಸುಮಾರಿನಲ್ಲಿ ನಡೆಸಿದ ಪಿಆರ್‌ಎಗಳಲ್ಲಿ, ಅಂದರೆ ಜನರೇ ಪಾಲ್ಗೊಂಡು ತಮ್ಮ ಊರಿನ ಸ್ಥಿತಿಗತಿ ವಿವರಿಸುವ ಸಮೀಕ್ಷೆಗಳಲ್ಲಿ, ಹಳ್ಳಿಯವರು ರಂಗೋಲಿ ಪುಡಿ, ಕಾಳುಗಳಿಂದ ನೆಲದ ಮೇಲೆಯೇ ಊರಿನ ನಕ್ಷೆ ಬಿಡಿಸುತ್ತಿದ್ದರು. ಬ್ರಿಟನ್ನಿನ ಅಭಿವೃದ್ಧಿ ತಜ್ಞ ರಾಬರ್ಟ್ ಚೇಂಬರ್ಸ್ ತಮ್ಮ ಬರಹಗಳಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ತಮಗೆ ಚಿತ್ರ ಬಾರದೆಂದು ಪೆನ್ಸಿಲ್ ಮುಟ್ಟಲು ಹಿಂಜರಿಯುವ ಹೆಣ್ಣುಮಕ್ಕಳು ದಿನಾ ಬೆಳಗ್ಗೆ ಬಾಗಿಲ ಮುಂದೆ ಎಳೆ ತಪ್ಪದೆ ರಂಗೋಲಿ ಹಾಕುವವರೇ ಆಗಿರುವುದರಿಂದ, ಅವರ ಮುಂದೆ ಹಾಳೆಯ ಬದಲು ರಂಗೋಲಿ ಬಟ್ಟಲು ಇಡುವುದು ಹೆಚ್ಚು ಫಲ ಕೊಡುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸದ ಕಷ್ಟವೇನೆಂದು ಕೇಳಿದರೆ ಹೊಗೆ, ಬಿಸಿ, ಕೂಲಿ ಎಂಬ ಉತ್ತರ ಸಿಕ್ಕಿ ಮಾತು ಅಲ್ಲಿಗೇ ನಿಂತೀತು. ಭಟ್ಟಿಯ ಒಳಗನ್ನು ಬರೆದು ತೋರಿಸಲು ಕೇಳಿದರೆ, ಕಾದ ಮರಳಿನ ಬಾಣಲೆ ಎಲ್ಲಿದೆ, ಉರಿ ಹಾಕುವವರು ಎಲ್ಲಿ ಕೂರುತ್ತಾರೆ, ಹೊಗೆ ಯಾವ ಕಡೆಗೆ ಹೋಗುತ್ತದೆ ಎಂಬುದೆಲ್ಲ ಹಾಳೆಗೆ ಇಳಿಯುತ್ತದೆ, ಆಗ "ಮೊದಲು ಒಲೆಯನ್ನೇ ಯಾಕೆ ಬರೆದಿರಿ?", "ಇದರಲ್ಲಿ ನೀವೆಲ್ಲಿದ್ದೀರಮ್ಮ?" ಎಂಬ ಸಣ್ಣ ಪ್ರಶ್ನೆಗಳಿಗೂ ದೊಡ್ಡ ಉತ್ತರ ಬರಲು ಸಾಧ್ಯ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಿರಿಯ ಕಾರ್ಮಿಕರು ಲೇತ್ ಯಂತ್ರಗಳ ಸಾಲನ್ನು ನೆನಪಿನಿಂದ ಬರೆಯತೊಡಗಿದರೂ ಹೀಗೆಯೇ ಮಾತು ಬಿಚ್ಚಿಕೊಂಡೀತು.

ಆದರೆ ಚಿತ್ರದಲ್ಲಿ ಗೋಡೆಗೆ ಬಳಿದ ಕಪ್ಪನ್ನು ದುಃಖದ ಗುರುತೆಂದು ಸಂಶೋಧಕರು ತಾವಾಗಿಯೇ ಓದಿಬಿಡುವುದು ಗಂಭೀರ ತಪ್ಪು. ಮಸಿ ಹಿಡಿದ ಭಟ್ಟಿಯ ಗೋಡೆ ಕಪ್ಪಾಗಿಯೇ ಇರುತ್ತದೆ. ಚಿತ್ರದ ಅರ್ಥವನ್ನು ಬರೆದವರೇ ಹೇಳಬೇಕು, ಹೇಳಿದ್ದು ಚಿತ್ರದ ಜೊತೆಗೇ ದಾಖಲಾಗಬೇಕು. ಮಾತನ್ನು ಹೆಸರು ಮರೆಸಿ ಅಚ್ಚು ಹಾಕಬಹುದಾದರೂ, ಚಿತ್ರದಲ್ಲಿ ಮೂಡಿದ ಮನೆ, ಓಣಿ, ಮಾಲೀಕರ ಬೋರ್ಡು ಬರೆದವರ ಗುರುತು ಬಿಟ್ಟುಕೊಡುವುದರಿಂದ ಪ್ರಕಟಣೆಗೆ ಪ್ರತ್ಯೇಕ ಒಪ್ಪಿಗೆ ಪಡೆಯಲೇಬೇಕು. ಮೂಲ ಚಿತ್ರವನ್ನು ಬರೆದವರ ಕೈಯಲ್ಲೇ ಬಿಟ್ಟು ಸಂಶೋಧಕರು ಅದರ ಫೋಟೊ ಮಾತ್ರ ಒಯ್ಯುವುದು ನ್ಯಾಯ.