ಮಧುಮೇಹ: ಮನೆತನದ ಬಳುವಳಿ, ಮನೆಯವರ ಹೊಣೆ

ಮಧುಮೇಹವು ಎಲ್ಲರನ್ನೂ ಒಂದೇ ಬಗೆಯಾಗಿ ಕಾಡುವುದಿಲ್ಲ. ಮೂವತ್ತು ವರ್ಷ ಸಕ್ಕರೆ ಕಾಯಿಲೆಯೊಡನೆ ಬಾಳಿ, ಕಣ್ಣು ಕಾಲು ನೆಟ್ಟಗಿದ್ದು, ಮೊಮ್ಮಕ್ಕಳ ಮದುವೆ ಕಂಡ ಹಿರಿಯರಿದ್ದಾರೆ. ಹತ್ತು ಹದಿನೈದು ವರ್ಷಗಳಲ್ಲಿಯೇ ಮೂತ್ರಪಿಂಡಗಳು ಸೋತು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರೂ ಇದ್ದಾರೆ. ಈ ಭೇದಕ್ಕೆ ಪಥ್ಯದ ಶಿಸ್ತು ಒಂದು ಕಾರಣ. ಆದರೆ ಅದೊಂದೇ ಅಲ್ಲ. ನಾವು ಹಣೆಬರಹವೆಂದು ಕೈಚೆಲ್ಲುವ ಕಡೆ ವೈದ್ಯವಿಜ್ಞಾನವು ವಂಶಗುಣದ ಪಾತ್ರವನ್ನು ಗುರುತಿಸಿದೆ.

ಪ್ರಾಚೀನರಿಗೂ ಈ ವಿಚಾರ ಹೊಸದಾಗಿರಲಿಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿದೆ. ಮೊದಲನೆಯದು ತಂದೆತಾಯಿಗಳ ಬೀಜದೋಷದಿಂದ ಬರುವಂಥದು. ಎರಡನೆಯದು ಆಹಾರ ವಿಹಾರಗಳ ತಪ್ಪಿನಿಂದ ಬರುವಂಥದು.

ವರ್ತೂರಿನಂತಹ ಊರುಗಳಲ್ಲಿ ಈ ಎರಡೂ ಕಾರಣಗಳು ಒಂದನ್ನೊಂದು ಕೂಡಿವೆ. ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ, ರಾಗಿ, ತರಕಾರಿ ಬೆಳೆದ ಕುಟುಂಬಗಳ ಮಕ್ಕಳು ಇಂದು ವೈಟ್‌ಫೀಲ್ಡಿನ ಕಚೇರಿಗಳಲ್ಲಿ ದಿನವಿಡೀ ಕುರ್ಚಿಯಲ್ಲಿ ಕುಳಿತಿರುತ್ತಾರೆ. ರಾಗಿಮುದ್ದೆ ತಟ್ಟೆಯಲ್ಲಿ ಉಳಿದಿರಬಹುದು. ಅದನ್ನು ಅರಗಿಸುತ್ತಿದ್ದ ಗುದ್ದಲಿಯ ದುಡಿಮೆ ಉಳಿದಿಲ್ಲ. ಬೀಜ ಹಿಂದಿನದೇ, ಹೊಲ ಬದಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳಿದ್ದಾರೆ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಧುಮೇಹ ಬರುವ ಪ್ರವೃತ್ತಿ ಬೇರೆ. ಬಂದ ಮೇಲೆ ಅದು ಮೂತ್ರಪಿಂಡಕ್ಕೋ ಕಣ್ಣಿಗೋ ತಗಲುವ ಪ್ರವೃತ್ತಿ ಬೇರೆ. 1989ರಲ್ಲಿ ಅಮೆರಿಕದ ಮಿನೆಸೋಟಾದ ವೈದ್ಯರು ಮಧುಮೇಹಿಗಳಾದ ಒಡಹುಟ್ಟಿದವರನ್ನು ಪರೀಕ್ಷಿಸಿದರು. ಒಬ್ಬರಿಗೆ ಮೂತ್ರಪಿಂಡದ ತೊಂದರೆಯಿದ್ದ ಕುಟುಂಬಗಳಲ್ಲಿ ಅವರ ಒಡಹುಟ್ಟಿದವರ ಪೈಕಿ ಶೇಕಡಾ 83 ಮಂದಿಗೆ ಅದೇ ತೊಂದರೆ ಕಂಡಿತು. ಅಂಥ ತೊಂದರೆಯಿಲ್ಲದವರ ಒಡಹುಟ್ಟಿದವರಲ್ಲಿ ಕೇವಲ ಶೇಕಡಾ 17 ಮಂದಿಗೆ. ಮುಂದೆ ಚೆನ್ನೈನ ಸಂಶೋಧಕರು ದಕ್ಷಿಣ ಭಾರತದ ಕುಟುಂಬಗಳಲ್ಲಿಯೂ ಇದೇ ಬಗೆಯ ಸಂಬಂಧವನ್ನು ಕಂಡರು. ಅಕ್ಷಿಪಟದ ಹಾನಿಯ ವಿಷಯದಲ್ಲಿ, ಅದು ತಗಲಿದವರ ಮಧುಮೇಹಿ ಒಡಹುಟ್ಟಿದವರಿಗೆ ಅಪಾಯವು ಸುಮಾರು ಮೂರು ಪಟ್ಟು ಎಂದು ಅವರು ತಿಳಿಸಿದರು. ಒಡಹುಟ್ಟಿದವರು ಒಂದೇ ಒಲೆಯ ಅನ್ನ ಉಂಡು ಬೆಳೆದವರಾದುದರಿಂದ ಇದೆಲ್ಲವೂ ರಕ್ತದ ಗುಣವೇ ಎನ್ನುವಂತಿಲ್ಲ. ಆದರೂ ಅದರ ಪಾಲು ಸಣ್ಣದಲ್ಲ.

ಇದಕ್ಕೆ ಕಾರಣವಾದ ವಂಶವಾಹಿ ಒಂದೇ ಅಲ್ಲ, ಹಲವು. ಮೂತ್ರಪಿಂಡದ ಸೋಸುಪೊರೆಯನ್ನು ಕಟ್ಟುವ ಕೊಲಾಜನ್ ಎಂಬ ಸಸಾರಜನಕಕ್ಕೆ ಸಂಬಂಧಿಸಿದ ವಂಶವಾಹಿಯ ಒಂದು ರೂಪವು ರಕ್ಷಣೆ ನೀಡುತ್ತದೆಂದು 2019ರಲ್ಲಿ ಪ್ರಕಟವಾಯಿತು. ಯೂರೋಪ್ ಮೂಲದ ಸುಮಾರು 19,000 ಮಧುಮೇಹಿಗಳ ಅಧ್ಯಯನದಿಂದ ಇದು ತಿಳಿದುಬಂದಿತು. ಆದರೆ ಯಾರಿಗೆ ತೊಂದರೆ ಬರುತ್ತದೆಂದು ಖಚಿತವಾಗಿ ನುಡಿಯುವ ವಂಶವಾಹಿ ಪರೀಕ್ಷೆ ಸಾಮಾನ್ಯ ಬಳಕೆಯಲ್ಲಿಲ್ಲ. ಸದ್ಯಕ್ಕೆ ಮನೆತನದ ಚರಿತ್ರೆಯೇ ನಮ್ಮ ಕೈಯಲ್ಲಿರುವ ಪರೀಕ್ಷೆ.

ಆ ಚರಿತ್ರೆಯನ್ನೇ ನಾವು ಮುಚ್ಚಿಡುತ್ತೇವೆ. ಮಗಳ ಸಂಬಂಧ ತಪ್ಪೀತೆಂದು ತಂದೆಯ ಡಯಾಲಿಸಿಸ್ಸನ್ನು ಬಂಧುಗಳಿಂದ ಮರೆಮಾಡುವ ಮನೆಗಳುಂಟು. ಅಣ್ಣನ ರೋಗ ಪಕ್ಕದೂರಿನ ತಮ್ಮನಿಗೆ ತಿಳಿಯುವುದು ಸಾವಿನ ಸುದ್ದಿಯೊಡನೆ. ಅಷ್ಟರಲ್ಲಿ ತಮ್ಮನ ಮೂತ್ರಪಿಂಡಗಳೂ ಸದ್ದಿಲ್ಲದೆ ಸವೆದಿರಬಹುದು. ಏಕೆಂದರೆ ಈ ರೋಗಕ್ಕೆ ಮೊದಲಿಗೆ ನೋವಿಲ್ಲ, ಬಾವಿಲ್ಲ. ಮರ್ಯಾದೆಗಂಜಿದ ಮೌನಕ್ಕೆ ಒಡಹುಟ್ಟಿದವನು ಬೆಲೆ ತೆರುತ್ತಾನೆ.

ವಂಶಗುಣವೆಂದರೆ ತಪ್ಪಿಸಲಾಗದ ವಿಧಿಯಲ್ಲ. ಅಮೆರಿಕ, ಕೆನಡಾಗಳಲ್ಲಿ ಇನ್ಸುಲಿನ್ ಆಶ್ರಯಿಸಿದ 1,441 ಮಂದಿಯ ಮೇಲೆ ನಡೆದ ಅಧ್ಯಯನವು 1993ರಲ್ಲಿ ಮುಗಿದಾಗ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಹೊಸದಾಗಿ ಅಕ್ಷಿಪಟದ ಹಾನಿ ತೋರುವ ಅಪಾಯ ಶೇಕಡಾ 76ರಷ್ಟು ತಗ್ಗಿತ್ತು. ನಡುವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ರಕ್ತದೊತ್ತಡದ ಹತೋಟಿಯೂ ಅಷ್ಟೇ ಮುಖ್ಯವೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಆದುದರಿಂದ ಮನೆಯಲ್ಲಿ ಒಬ್ಬರಿಗೆ ಮೂತ್ರಪಿಂಡದ ಅಥವಾ ಕಣ್ಣಿನ ತೊಂದರೆ ಕಂಡರೆ, ಆ ವಾರವೇ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ತಿಳಿಸತಕ್ಕದ್ದು. ಅವರು ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಲಿ. ಮಧುಮೇಹಿಗಳಾಗಿದ್ದರೆ ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲಿ. ಔಷಧ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟವನ್ನು ತೋರಿಸಿಕೊಳ್ಳಲಿ. ಪಾದಗಳ ಸ್ಪರ್ಶಜ್ಞಾನವನ್ನೂ ವೈದ್ಯರು ನೋಡಲಿ. ಒಡಹುಟ್ಟಿದವರು ಮೂತ್ರಪಿಂಡ ದಾನಕ್ಕೆ ಮುಂದಾದಾಗಲಂತೂ ಈ ತಪಾಸಣೆಯನ್ನು ತಪ್ಪಿಸಲಾಗದು.

ಹೊಲಮನೆಗಳ ಪಾಲುಪತ್ರವನ್ನು ನಾವು ಜೋಪಾನವಾಗಿ ಕಾಪಾಡುತ್ತೇವೆ. ಹಿರಿಯರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ರೋಗ ಬಂದಿತೆಂಬ ಒಂದು ಹಾಳೆಯನ್ನೂ ಅದರ ಜೊತೆಗಿಟ್ಟರೆ, ಮುಂದಿನ ಪೀಳಿಗೆಗೆ ಅದು ಆಸ್ತಿಗಿಂತ ಹೆಚ್ಚಿನ ಉಪಕಾರವಾದೀತು.