ಕಂಪೆನಿ ದಿವಾಳಿಯಾದರೆ ಕೆಲಸಗಾರನ ಸಂಬಳದ ಗತಿಯೇನು?

ತಿಂಗಳ ಮೊದಲ ವಾರ. ಮನೆಯ ಯಜಮಾನರು ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಕಾರ್ಖಾನೆಗೆ ಹೋಗುತ್ತಾರೆ. ಬಾಗಿಲಿಗೆ ಬೀಗ ಬಿದ್ದಿದೆ. ಕಾವಲುಗಾರನ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಕಂಪೆನಿ ದಿವಾಳಿಯಾಗಿದೆ. ಮೂರು ತಿಂಗಳ ಸಂಬಳ ಬಾಕಿ. ಹನ್ನೆರಡು ವರ್ಷಗಳ ಭವಿಷ್ಯ ನಿಧಿ ಏನಾಯಿತೋ ತಿಳಿಯದು. ದಿನಸಿ ಅಂಗಡಿಯ ಲೆಕ್ಕ, ಮಕ್ಕಳ ಶಾಲೆಯ ಫೀಸು, ಮನೆಯ ಬಾಡಿಗೆ ಮಾತ್ರ ಎಂದಿನಂತೆ ತಪ್ಪದೆ ಬರುತ್ತವೆ.

“ಇದ್ದುದನ್ನೆಲ್ಲ ಬ್ಯಾಂಕಿನವರು ಬಾಚಿಕೊಂಡು ಹೋಗುತ್ತಾರೆ, ನಮಗೇನು ಉಳಿಯುತ್ತದೆ?” ಎಂದು ಇಂಥ ಹೊತ್ತಿನಲ್ಲಿ ಹಲವರು ಕೈಚೆಲ್ಲಿ ಕುಳಿತುಬಿಡುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಹಾಗೆ ಕುಳಿತವನಿಗೇ ಅದು ಪೂರ್ತಿ ನಿಜವಾಗುವುದು. ಆದ್ದರಿಂದ ಕಾಯಿದೆಯಲ್ಲಿ ತಮಗೆ ಯಾವ ಸ್ಥಾನವುಂಟು, ಅದನ್ನು ಪಡೆಯಲು ಏನು ಮಾಡಬೇಕು ಎಂಬುದನ್ನು ತಿಳಿದಿರುವುದು ಲೇಸು.

ಮೊದಲು ಸ್ವಲ್ಪ ಹಿಂದಿನ ಕಥೆ. ಹಿಂದೆ ಕಂಪೆನಿ ಮುಳುಗಿದಾಗ, ಅದರ ಕಟ್ಟಡ, ಯಂತ್ರ ಮುಂತಾದುವನ್ನು ಅಡವಿಟ್ಟುಕೊಂಡ ಬ್ಯಾಂಕುಗಳು ಆ ಆಸ್ತಿಯಿಂದ ತಮ್ಮ ಸಾಲವನ್ನು ಮೊದಲು ತೀರಿಸಿಕೊಳ್ಳುತ್ತಿದ್ದುವು. ಮಿಕ್ಕದ್ದರಲ್ಲಿ ಮಾತ್ರ ಕೆಲಸಗಾರನಿಗೆ ಪಾಲು. ಕಂಪೆನಿಯನ್ನು ಮುಚ್ಚಬೇಕೆ ಬೇಡವೆ ಎಂಬ ವಿಚಾರಣೆಯಲ್ಲಿ ಅವನ ಮಾತಿಗೆ ಅವಕಾಶವೂ ಇಲ್ಲವೆಂಬ ವಾದವಿತ್ತು. ಕಾರ್ಮಿಕರ ಮಾತನ್ನೂ ಕೇಳಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ತೀರ್ಪು ಕೊಟ್ಟಿತು. 1985ರಲ್ಲಿ ಕಂಪೆನಿ ಕಾಯಿದೆಗೆ ತಿದ್ದುಪಡಿಯಾಗಿ, ಕಾರ್ಮಿಕರ ಬಾಕಿಗೆ ಅಡವು ಹಿಡಿದ ಬ್ಯಾಂಕಿನ ಸಾಲದೊಡನೆ ಸರಿಸಮವಾದ ಸ್ಥಾನ ದೊರೆಯಿತು. ಈ ತತ್ವವೇ 2016ರ ದಿವಾಳಿ ಸಂಹಿತೆಯಲ್ಲಿಯೂ ಮುಂದುವರಿದಿದೆ. ಇಂದು ಕಂಪೆನಿಗಳ ದಿವಾಳಿ ನಡೆಯುವುದು ಈ ಸಂಹಿತೆಯ ಪ್ರಕಾರ. ವಿಚಾರಣೆ ನಡೆಸುವುದು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿ. ಕರ್ನಾಟಕದಲ್ಲಿ ನೋಂದಾಯಿತ ಕಚೇರಿಯುಳ್ಳ ಕಂಪೆನಿಗಳ ಅರ್ಜಿಗಳು ಅದರ ಬೆಂಗಳೂರು ಪೀಠಕ್ಕೆ ಹೋಗುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಮಗೆ ಬರಬೇಕಾದ ಹಣದಲ್ಲಿ ಎರಡು ಬಗೆಯುಂಟು: ಸರದಿಯ ಸಾಲಿನಲ್ಲಿ ನಿಲ್ಲಬೇಕಾದ ಹಣ ಒಂದು, ಸಾಲಿಗೇ ಸೇರದ ಹಣ ಇನ್ನೊಂದು.

ಸಾಲಿಗೆ ಸೇರದ ಹಣವೆಂದರೆ ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಗ್ರಾಚ್ಯುಯಿಟಿ ನಿಧಿಯಿಂದ ತಮಗೆ ಸಲ್ಲಬೇಕಾದದ್ದು. ಇದು ಕಂಪೆನಿಯ ಸ್ವತ್ತಲ್ಲ, ದುಡಿದವನ ಸ್ವತ್ತು. ಆದ್ದರಿಂದ ಸಾಲಗಾರರಿಗೆ ಹಂಚುವ ಗಂಟಿಗೆ ಇದನ್ನು ಸೇರಿಸಬಾರದೆಂದು ಸಂಹಿತೆಯ 36ನೆಯ ಕಲಮು ವಿಧಿಸುತ್ತದೆ. ಗ್ರಾಚ್ಯುಯಿಟಿಗೆಂದು ಮಾಲೀಕರು ಪ್ರತ್ಯೇಕ ನಿಧಿಯನ್ನೇ ಇಟ್ಟಿರದಿದ್ದಾಗ ಏನು ಮಾಡಬೇಕೆಂಬುದು ಹಲವು ಸಲ ನ್ಯಾಯಾಲಯದವರೆಗೆ ಹೋದ ವ್ಯಾಜ್ಯ. ಹಾಗಿದ್ದರೂ ತಮ್ಮ ಬೇಡಿಕೆಯಲ್ಲಿ ಅದನ್ನು ಸೇರಿಸದೆ ಬಿಡಬೇಡಿ.

ಇನ್ನು ಸರದಿಯ ಸಾಲು. ಕಂಪೆನಿಯನ್ನು ಸಮಾಪನೆ ಮಾಡಿ, ಎಂದರೆ ಆಸ್ತಿಯನ್ನೆಲ್ಲ ಮಾರಿ ಮುಗಿಸಿ, ಬಂದ ಹಣವನ್ನು ಹಂಚುವ ಕ್ರಮ 53ನೆಯ ಕಲಮಿನಲ್ಲಿದೆ. ಮೊದಲು ದಿವಾಳಿ ವ್ಯವಹಾರದ ಖರ್ಚು. ಎರಡನೆಯದಾಗಿ, ಸಮಾಪನೆ ಆರಂಭವಾಗುವುದಕ್ಕೆ ಹಿಂದಿನ 24 ತಿಂಗಳುಗಳ ಕಾರ್ಮಿಕರ ಬಾಕಿ. ಇದರ ಜೊತೆಯಲ್ಲೇ, ಸಮನಾಗಿ, ತಮ್ಮ ಅಡವನ್ನು ಬಿಟ್ಟುಕೊಟ್ಟ ಸಾಲಗಾರರ ಸಾಲ. ಮೂರನೆಯದಾಗಿ, ಕಾರ್ಮಿಕರೆಂಬ ವರ್ಗಕ್ಕೆ ಸೇರದ ಇತರ ನೌಕರರ 12 ತಿಂಗಳ ಬಾಕಿ. ಅಡವಿಲ್ಲದೆ ಹಣ ಕೊಟ್ಟವರು, ಸರ್ಕಾರದ ತೆರಿಗೆ, ಮಿಕ್ಕ ಸಾಲಗಳು ಇದರ ನಂತರ. ಷೇರುದಾರರು ಎಲ್ಲರಿಗಿಂತ ಕೊನೆಯವರು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಆಸ್ತಿ ಮಾರಿ 100 ಲಕ್ಷ ರೂಪಾಯಿ ಬಂತೆನ್ನೋಣ. ಖರ್ಚು 10 ಲಕ್ಷ ಕಳೆದರೆ ಉಳಿದದ್ದು 90 ಲಕ್ಷ. ಕಾರ್ಮಿಕರ ಬಾಕಿ 30 ಲಕ್ಷ, ಬ್ಯಾಂಕಿನ ಸಾಲ 150 ಲಕ್ಷ; ಒಟ್ಟು 180 ಲಕ್ಷ. ಕೈಯಲ್ಲಿರುವುದು ಅದರ ಅರ್ಧ. ಆಗ ದಾಮಾಷಾ ಪ್ರಕಾರ, ಎಂದರೆ ಅವರವರ ಬಾಕಿಯ ಪ್ರಮಾಣಕ್ಕೆ ತಕ್ಕಂತೆ, ಹಂಚಬೇಕು: ಇಬ್ಬರಿಗೂ ರೂಪಾಯಿಗೆ 50 ಪೈಸೆ. 60,000 ರೂಪಾಯಿ ಬಾಕಿಯಿರುವ ಕಾರ್ಮಿಕನಿಗೆ 30,000 ಬರುತ್ತದೆ. ಮೂರನೆಯ ಸ್ಥಾನದಲ್ಲಿರುವ ಮ್ಯಾನೇಜರಿಗೆ ಈ ಸಾಲಿನಿಂದ ಬಿಡಿಗಾಸೂ ಬರುವುದಿಲ್ಲ. ಆದರೆ ಇಬ್ಬರ ಭವಿಷ್ಯ ನಿಧಿಯೂ ಈ ಹಂಚಿಕೆಗೆ ಹೊರಗು. ಅದಕ್ಕೆ ಅರ್ಧ ಕಾಲು ಎಂಬ ಲೆಕ್ಕವಿಲ್ಲ.

ಹಾಗಾದರೆ ಕಾರ್ಮಿಕನೆಂದರೆ ಯಾರು? ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ. ಗುಮಾಸ್ತರೂ ತಾಂತ್ರಿಕ ಕೆಲಸದವರೂ ಕಾರ್ಮಿಕರ ವರ್ಗಕ್ಕೆ ಸೇರಬಹುದು. ಬಾಗಿಲ ಮೇಲೆ “ಅಧಿಕಾರಿ” ಎಂಬ ಫಲಕವಿದ್ದ ಮಾತ್ರಕ್ಕೆ ತಾವು ಮೂರನೆಯ ಸಾಲಿನವರೆಂದು ಒಪ್ಪಿಕೊಂಡುಬಿಡಬೇಕಾಗಿಲ್ಲ.

ಬಾಕಿ ಎಂದರೆ ಬರಿಯ ಸಂಬಳವಷ್ಟೇ ಅಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಬಳಸದೆ ಉಳಿದ ರಜೆಯ ಹಣ ಸೇರುತ್ತದೆ. ಕೆಲಸ ಹೋದುದಕ್ಕೆ ಕಾರ್ಮಿಕನಿಗೆ ಸಲ್ಲುವ ಪರಿಹಾರವೂ ಸೇರುತ್ತದೆ. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಎಡೆಬಿಡದೆ ದುಡಿದ ಕಾರ್ಮಿಕನಿಗೆ, ಪೂರೈಸಿದ ಪ್ರತಿ ವರ್ಷಕ್ಕೂ 15 ದಿನಗಳ ಸರಾಸರಿ ಸಂಬಳ ಎಂಬ ಸೂತ್ರ 1953ರಿಂದ ನಮ್ಮ ಕಾಯಿದೆಯಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹನ್ನೆರಡು ವರ್ಷ ದುಡಿದವನಿಗೆ ಇದು 180 ದಿನಗಳ ಸಂಬಳವಾಯಿತು. ಮಾಲೀಕರ ಕೈಮೀರಿದ ಅನಿವಾರ್ಯ ಕಾರಣದಿಂದ ಸಂಸ್ಥೆ ಮುಚ್ಚಿದರೆ ಈ ಪರಿಹಾರ ಮೂರು ತಿಂಗಳ ಸಂಬಳವನ್ನು ಮೀರುವುದಿಲ್ಲ. ಆದರೆ ಹಣದ ಮುಗ್ಗಟ್ಟು, ನಷ್ಟ, ಸರಕು ಮಾರಾಟವಾಗದೆ ರಾಶಿ ಬಿದ್ದದ್ದು, ಇಷ್ಟನ್ನೇ ಅನಿವಾರ್ಯ ಕಾರಣವೆಂದು ಹೇಳುವಂತಿಲ್ಲ.

ಇಷ್ಟೆಲ್ಲ ಹಕ್ಕಿದ್ದರೂ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ನ್ಯಾಯಮಂಡಳಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿದೊಡನೆ ಕಂಪೆನಿಯ ಆಡಳಿತ ಮಾಲೀಕರ ಕೈತಪ್ಪಿ ಒಬ್ಬ ಪರಿಹಾರ ವೃತ್ತಿಪರರ ವಶಕ್ಕೆ ಬರುತ್ತದೆ. ಅವರು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟು, ಬಾಕಿಯಿರುವವರು ಇಂಥ ದಿನದೊಳಗೆ ತಿಳಿಸಬೇಕೆಂದು ಕರೆಯುತ್ತಾರೆ. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೆಲಸಗಾರರ ಬೇಡಿಕೆಗೆ “ಡಿ” ಎಂಬ ನಮೂನೆಯುಂಟು. ಎಲ್ಲರೂ ಸೇರಿ ಒಬ್ಬ ಪ್ರತಿನಿಧಿಯ ಮೂಲಕ ಕೊಡುವುದಾದರೆ “ಇ” ನಮೂನೆ. ಇದಕ್ಕೆ ವಕೀಲರೇ ಬೇಕೆಂಬ ಕಡ್ಡಾಯವಿಲ್ಲ. ನೇಮಕದ ಪತ್ರ, ಸಂಬಳದ ಚೀಟಿ, ಸಂಬಳ ಜಮೆಯಾಗುತ್ತಿದ್ದ ಬ್ಯಾಂಕಿನ ಪಾಸ್‌ಬುಕ್ಕು, ಭವಿಷ್ಯ ನಿಧಿಯ ಲೆಕ್ಕ, ಇವುಗಳ ಪ್ರತಿ ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.

ಇನ್ನೆರಡು ಎಚ್ಚರಿಕೆಗಳು. ಈ ವ್ಯವಹಾರ ನಡೆಯುವ ಕಾಲದಲ್ಲಿ ಕಂಪೆನಿಯ ಮೇಲೆ ಬೇರೆ ದಾವೆಗಳಿಗೆ ತಡೆಯಿರುತ್ತದೆ. “ಕಾರ್ಮಿಕ ನ್ಯಾಯಾಲಯದಲ್ಲಿ ಹೇಗೂ ಕೇಸು ಇದೆಯಲ್ಲ” ಎಂದು ನಮೂನೆ ಸಲ್ಲಿಸದೆ ಇರಬೇಡಿ. ಎರಡನೆಯದು, ದಿವಾಳಿಯ ವಿಚಾರಣೆ ನಡೆಯುತ್ತಿರುವಾಗಲೂ ಕಾರ್ಖಾನೆ ಓಡುತ್ತಿದ್ದು ತಾವು ನಿಜವಾಗಿ ದುಡಿದಿದ್ದರೆ, ಆ ದಿನಗಳ ಸಂಬಳ ಮೊದಲನೆಯ ಸ್ಥಾನದ ಖರ್ಚಿಗೇ ಸೇರುತ್ತದೆ. ಬರಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು. ಇದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದ ಮಾತು. ಆದ್ದರಿಂದ ಆ ಕಾಲದ ಹಾಜರಿಗೆ ದಾಖಲೆ ಇಟ್ಟುಕೊಳ್ಳಿ. ಕೊನೆಗೆ ಸಮಾಪನೆಯ ಆದೇಶವಾದರೆ, ವ್ಯವಹಾರವನ್ನು ನಡೆಸಿಕೊಂಡು ಹೋಗುವ ಏರ್ಪಾಡಿಲ್ಲದ ಪಕ್ಷದಲ್ಲಿ, ಆ ಆದೇಶವೇ ಕೆಲಸದಿಂದ ಬಿಡುಗಡೆಯ ನೋಟೀಸು ಎಂದು ಭಾವಿಸತಕ್ಕದ್ದು.

ಇದೆಲ್ಲ ಬೇಗ ಮುಗಿಯುವುದೆ? ಹಾಗೆ ಹೇಳಿದರೆ ಸುಳ್ಳಾದೀತು. ಜೆಟ್ ಏರ್‌ವೇಸ್ ವಿಮಾನಗಳು ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ. ನೌಕರರ ಭವಿಷ್ಯ ನಿಧಿ ಮತ್ತು ಗ್ರಾಚ್ಯುಯಿಟಿಯನ್ನು ಪೂರ್ತಿ ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೂ ಕಂಪೆನಿಯನ್ನು ಕೊಳ್ಳಲು ಮುಂದೆ ಬಂದವರ ಯೋಜನೆ ದಡ ಸೇರಲಿಲ್ಲ; 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ಸಮಾಪನೆಗೆ ಆದೇಶ ಮಾಡಿತು. ಇಷ್ಟು ಹೊತ್ತಿಗೆ ಐದೂವರೆ ವರ್ಷ ಕಳೆದಿತ್ತು. ಬ್ರಿಟನ್ನಿನಲ್ಲಿ ಮಾಲೀಕ ದಿವಾಳಿಯಾದರೆ, ಒಂದು ಮಿತಿಯವರೆಗೆ ಬಾಕಿ ಸಂಬಳವನ್ನೂ ಪರಿಹಾರವನ್ನೂ ಸರ್ಕಾರದ ವಿಮಾ ನಿಧಿಯಿಂದಲೇ ಕೊಡುತ್ತಾರೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ತೀರ್ಪು ಬರುವವರೆಗೂ ಸಂಸಾರ ನಡೆಯಬೇಕಲ್ಲವೆ? ಆದ್ದರಿಂದ ಬೇಡಿಕೆಯನ್ನು ಸಲ್ಲಿಸಿದ ಮೇಲೆ ಅದನ್ನೇ ನೆಚ್ಚಿ ಕುಳಿತಿರದೆ ಬೇರೆ ಕೆಲಸ ಹುಡುಕುವುದೇ ಸರಿ. ಹೊಸ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಹಳೆಯ ಬಾಕಿಯ ಹಕ್ಕು ಹೋಗುವುದಿಲ್ಲ. ಇ.ಎಸ್.ಐ. ವಿಮೆಯುಳ್ಳವರು ನಿರುದ್ಯೋಗ ಭತ್ಯೆಯ ವಿಷಯವನ್ನು ಅದರ ಶಾಖೆಯಲ್ಲಿ ವಿಚಾರಿಸಬೇಕು. ತಮ್ಮ ಮಾಲೀಕರು ಕಂಪೆನಿಯಲ್ಲದೆ ಒಬ್ಬರೇ ನಡೆಸುವ ಅಂಗಡಿಯವರೋ ಕಾರ್ಯಾಗಾರದವರೋ ಆಗಿದ್ದರೆ, ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಕಚೇರಿಗೆ.

ಕೊನೆಯದಾಗಿ ಒಂದು ಮಾತು, ಕಂಪೆನಿ ಇಂದು ಚೆನ್ನಾಗಿ ನಡೆಯುತ್ತಿರುವವರಿಗೆ. ಸಂಬಳದಲ್ಲಿ ಭವಿಷ್ಯ ನಿಧಿಗೆಂದು ಹಿಡಿದ ಹಣ ನಿಜವಾಗಿ ತಮ್ಮ ಲೆಕ್ಕಕ್ಕೆ ಜಮೆಯಾಗುತ್ತಿದೆಯೆ? ತಿಂಗಳಿಗೊಮ್ಮೆ ನೋಡಿ. ಎರಡು ತಿಂಗಳು ಜಮೆಯಾಗದಿದ್ದರೆ ಭವಿಷ್ಯ ನಿಧಿ ಕಚೇರಿಗೆ ಬರೆಯಿರಿ. ಕಂಪೆನಿ ಸೋರತೊಡಗಿದೆ ಎಂಬುದಕ್ಕೆ ಅನೇಕ ವೇಳೆ ಇದೇ ಮೊದಲ ಸೂಚನೆ. ಸಂಬಳದ ಚೀಟಿಗಳನ್ನೂ ನೇಮಕದ ಪತ್ರವನ್ನೂ ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲೇ ಇಡಿ. ಎಲ್ಲಿಟ್ಟಿದ್ದೀರೆಂದು ಮನೆಯವರಿಗೂ ಹೇಳಿ. ಬೀಗ ಬಿದ್ದ ಮೇಲೆ ಕಾರ್ಖಾನೆಯೊಳಗಿನ ಕಾಗದ ಕೈಗೆ ಸಿಕ್ಕುವುದು ಕಷ್ಟ.